ಚಳಿಗೆ ಕೊಬ್ಬರಿ ಎಣ್ಣೆ ಮಾತ್ರ ಯಾಕೆ ಗಟ್ಟಿಯಾಗುತ್ತದೆ?

ಪ್ರಶ್ನೆ: ಮನೆ ಹತ್ತಿರದ ಗಾಣದಿಂದ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಎರಡನ್ನೂ ತಂದೆ. ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಯಿತು. ಕಡಲೆಕಾಯಿ ಎಣ್ಣೆ ಹಾಗೇ ಇದೆ. ಗಟ್ಟಿಯಾದರೇ ಅಸಲಿ ಅಂತಾರೆ ಅತ್ತೆ. ಮೇಣ ಬೆರೆಸಿದ್ದಾರೆ ಅಂತಾರೆ ನಮ್ಮೆಜಮಾನ್ರು. ಯಾರು ಸರಿ?
– ಓದುಗರು, ಬಸವನಗುಡಿ

ಉತ್ತರ: ಇಬ್ಬರೂ ಪೂರ್ತಿ ಸರಿಯಲ್ಲ. ಆದರೆ ನಿಮ್ಮತ್ತೆ ಸ್ವಲ್ಪ ಹತ್ತಿರ ಬಂದಿದ್ದಾರೆ.

ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24–25 ಡಿಗ್ರಿಯಲ್ಲಿ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೆಳಗು 15–16 ಡಿಗ್ರಿಗೆ ಇಳಿಯುತ್ತದೆ. ಗಟ್ಟಿಯಾಗದೆ ಇನ್ನೇನು?

ಅಡುಗೆಯ ಎಣ್ಣೆ, ತುಪ್ಪ, ಕೊಬ್ಬು ಎಲ್ಲದರ ಕಟ್ಟು ಒಂದೇ. ಗ್ಲಿಸರಾಲ್ ಎಂಬ ಪುಟ್ಟ ಹಿಡಿಗೆ ಮೂರು ಕೊಬ್ಬಿನಾಮ್ಲದ ಕಡ್ಡಿಗಳು. ಸೀಮೆಎಣ್ಣೆ, ಗಂಧದೆಣ್ಣೆಗಳಿಗೆ ಈ ಕಟ್ಟಿಲ್ಲ, ಅವು ಹೆಸರಿಗಷ್ಟೇ ಎಣ್ಣೆ. (ಸಂಜೆ ಹೊತ್ತಿನ 'ಎಣ್ಣೆ' ವಿಷಯ ಇಲ್ಲಿ ಬೇಡ.)

ಈಗ ಕಡ್ಡಿಪೊರಕೆ ನೆನಪಿಸಿಕೊಳ್ಳಿ. ನೆಟ್ಟಗಿರುವ ಕಡ್ಡಿಗಳು ಒಂದಕ್ಕೊಂದು ಒತ್ತಿ ಕೂರುತ್ತವೆ. ಸೊಟ್ಟ ಕಡ್ಡಿಗಳನ್ನು ಎಷ್ಟು ಬಿಗಿದರೂ ನಡುವೆ ಸಂದು ಉಳಿಯುತ್ತದೆ. ಸ್ಯಾಚುರೇಟೆಡ್ ಆಮ್ಲ ಅಂದರೆ ನೆಟ್ಟಗಿನ ಕಡ್ಡಿ. ಎರಡು ಕಾರ್ಬನ್‌ಗಳ ನಡುವೆ ಜೋಡಿ ಬಂಧ ಬಂದರೆ ಅಲ್ಲಿ ಕಡ್ಡಿ ಬಾಗುತ್ತದೆ. ಒಂದೇ ಒಂದು ಬಾಗು ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ: ಸ್ಟಿಯರಿಕ್, ಓಲಿಯಿಕ್ ಎಂಬ ಎರಡು ಕೊಬ್ಬಿನಾಮ್ಲಗಳಿಗೂ 18 ಕಾರ್ಬನ್. ಬಾಗಿಲ್ಲದ ಸ್ಟಿಯರಿಕ್ ಕರಗಲು 69 ಡಿಗ್ರಿ ಬೇಕು, ಬಾಗಿದ ಓಲಿಯಿಕ್‌ಗೆ ಸುಮಾರು 13 ಸಾಕು.

ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90 ಶೇಕಡಾ ನೆಟ್ಟಗಿನವೇ. ಕಡಲೆಕಾಯಿ ಎಣ್ಣೆಯಲ್ಲಿ ಬಹುಪಾಲು ಬಾಗಿದವು. ಹಾಗಾದರೆ ಕೊಬ್ಬರಿ ಎಣ್ಣೆ ತುಪ್ಪಕ್ಕಿಂತ ಗಟ್ಟಿಯಾಗಿರಬೇಕಿತ್ತು, ಅಲ್ವಾ? ತುಪ್ಪದಲ್ಲಿ ನೆಟ್ಟಗಿನ ಕಡ್ಡಿಗಳು ಅದಕ್ಕಿಂತ ಕಡಿಮೆ. ಆದರೂ ತುಪ್ಪಕ್ಕೇ ಜಾಸ್ತಿ ಶಾಖ ಬೇಕು. ನನಗೆ ಇಷ್ಟವಾದ ವಿಷಯ ಇದೇ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ, ಬರೀ 12 ಕಾರ್ಬನ್ನಿನ ಮೋಟುಕಡ್ಡಿ. ಮೋಟಾದ್ದರಿಂದ ಹಿಡಿತ ಕಡಿಮೆ, ಬೇಗ ಬಿಡಿಸಿಕೊಳ್ಳುತ್ತದೆ. ತುಪ್ಪದಲ್ಲಿ 16, 18 ಕಾರ್ಬನ್ನಿನ ಉದ್ದದವು ಜಾಸ್ತಿ.

ವನಸ್ಪತಿ ಮಾಡುವಾಗ ನಿಕಲ್ ಇಟ್ಟು ಹೈಡ್ರೋಜನ್ ಹಾಯಿಸಿ ಬಾಗನ್ನು ಬಲವಂತವಾಗಿ ತೆಗೆಯುತ್ತಾರೆ. ಅದು ಅರ್ಧಕ್ಕೆ ನಿಂತರೆ ಟ್ರಾನ್ಸ್ ಫ್ಯಾಟ್ ಎಂಬ, ಹೃದಯಕ್ಕೆ ಕೆಟ್ಟ ಕೊಬ್ಬು ಹುಟ್ಟುತ್ತದೆ. 2022ರಿಂದ ನಮ್ಮಲ್ಲಿ ಅದಕ್ಕೆ 2 ಶೇಕಡಾ ಮಿತಿಯಿದೆ.

ಇನ್ನು ಮನೆಯ ಜಗಳ. ಒಂದು ಚೂರನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಕೊಬ್ಬರಿ ಎಣ್ಣೆ ಕೂಡಲೇ ಕರಗುತ್ತದೆ. ಮೇಣ ಜಾಸ್ತಿ ಇದ್ದರೆ ಪೂರ್ತಿ ಕರಗದೆ ಅಂಟಿಕೊಳ್ಳುತ್ತದೆ. ಅತ್ತೆಯವರಿಗೆ ಮಾತ್ರ ಮೆಲ್ಲಗೆ ಹೇಳಿ: ತಾಳೆಬೀಜದ ಎಣ್ಣೆಯಲ್ಲೂ ಲಾರಿಕ್ಕೇ ಜಾಸ್ತಿ. ಅದನ್ನು ಬೆರೆಸಿದ್ದರೂ ಹೀಗೇ ಗಟ್ಟಿಯಾಗುತ್ತದೆ. ಅದನ್ನು ಹಿಡಿಯಲು ಲ್ಯಾಬೇ ಬೇಕು.

ಅಂದಹಾಗೆ, ಮೊದಲು ಕಡಲೆಕಾಯಿ ಎಣ್ಣೆ ಖಾಲಿ ಮಾಡಿ. ಆಮ್ಲಜನಕ ಬಾಯಿ ಹಾಕುವುದೇ ಆ ಬಾಗಿನ ಹತ್ತಿರ, ಅದಕ್ಕೇ ಕಮಟು ವಾಸನೆ ಬೇಗ ಬರುತ್ತದೆ. ಗಟ್ಟಿಯಾದ ಡಬ್ಬಿಯನ್ನು ಒಲೆ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು.