ನೋಡಿ ಮುಗಿಸುವ ಚಿತ್ರಗಳಲ್ಲ

ಪ್ರಶ್ನೆ: ಗುಹಾಚಿತ್ರಗಳಿಂದ ಪಿಕಾಸೋವರೆಗಿನ ಹೆಸರಾಂತ ಕೃತಿಗಳನ್ನೆಲ್ಲ ಮೊಬೈಲ್ ಪರದೆಯ ಮೇಲೆಯೇ ನೋಡಿ ಮುಗಿಸಿದ್ದೇನೆ. ಬೇಕಾದಷ್ಟು ಹಿಗ್ಗಿಸಿಯೂ ನೋಡಬಹುದು. ಹೀಗಿರುವಾಗ ಮೂಲಕೃತಿಯನ್ನೇ ನೋಡಬೇಕೆಂಬ ಹಟವೇಕೆ?

ಉತ್ತರ: ನಿಮ್ಮ ಶ್ರದ್ಧೆಯನ್ನು ಮೆಚ್ಚುತ್ತೇನೆ. ಛಾಯಾಚಿತ್ರದ ಉಪಕಾರವೂ ಸಣ್ಣದಲ್ಲ: ಫ್ರಾನ್ಸಿನ ಲಾಸ್ಕೋ ಗುಹೆಯ ಚಿತ್ರಗಳು ನೋಡಬಂದವರ ಉಸಿರಿನಿಂದಲೇ ಕೆಡತೊಡಗಿ, 1963ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಿದ ಮೇಲೆ ನಮಗೆಲ್ಲ ಫೋಟೋ ಮತ್ತು ಪ್ರತಿಕೃತಿಗಳೇ ಗತಿ. ಆದರೆ ‘ನೋಡಿ ಮುಗಿಸಿದ್ದೇನೆ’ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಪರದೆ ಮೊದಲು ಕಸಿದುಕೊಳ್ಳುವುದು ಅಳತೆಯನ್ನು. ಸ್ಪೇನಿನ ಚಿತ್ರಕಾರ ಡಾಲಿಯ, ಕರಗಿ ಜೋತುಬಿದ್ದ ಗಡಿಯಾರಗಳ ಚಿತ್ರ (1931) ಬರೀ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲದ್ದು. ಬಾಂಬ್ ದಾಳಿಗೆ ತುತ್ತಾದ ಸ್ಪೇನಿನ ಊರೊಂದರ ಹೆಸರನ್ನೇ ಹೊತ್ತ ಪಿಕಾಸೋನ ‘ಗೆರ್ನಿಕಾ’ (1937) ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ್ದು. ಅಂಗೈಯಲ್ಲಿ ಇವೆರಡೂ ಒಂದೇ. ‘ಗೆರ್ನಿಕಾ’ದ ಎದುರು ನಿಂತಾಗಲಾದರೋ, ಎಡತುದಿಯಲ್ಲಿ ಸತ್ತ ಕೂಸನ್ನೆತ್ತಿಕೊಂಡು ಚೀರುವ ತಾಯಿಯಿಂದ ಬಲತುದಿಯಲ್ಲಿ ಬೆಂಕಿಯ ನಡುವೆ ಕೈಯೆತ್ತಿದ ಆಕೃತಿಯವರೆಗೆ ಕತ್ತು ಹೊರಳಿಸಿಯೇ ಸಾಗಬೇಕು, ಒಂದೇ ನೋಟಕ್ಕೆ ದಕ್ಕದ ಆ ವಿಸ್ತಾರದಲ್ಲಿಯೇ ಬಾಂಬಿಗೆ ಸಿಕ್ಕ ಊರಿನ ದಿಗ್ಭ್ರಮೆ ಇದೆ.

ಇನ್ನು ಶಿಲ್ಪಕ್ಕೆ ಪರದೆಯಿಂದ ಆಗುವ ಅನ್ಯಾಯ ಇದಕ್ಕಿಂತ ಹೆಚ್ಚಿನದು. ಗ್ರೀಕ್ ಪುರಾಣದಲ್ಲಿ ಅಪೊಲೊ ದೇವ ಬೆನ್ನಟ್ಟಿದಾಗ ತಪ್ಪಿಸಿಕೊಳ್ಳಲು ಡಾಫ್ನೆ ಮರವಾಗುತ್ತಾಳೆ. ಇಟಲಿಯ ಶಿಲ್ಪಿ ಬೆರ್ನಿನಿ ಆ ಕ್ಷಣವನ್ನು ಕೆತ್ತಿದ ‘ಅಪೊಲೊ ಮತ್ತು ಡಾಫ್ನೆ’ಯನ್ನು (1622–25) ಹಿಂದಿನಿಂದ ನೋಡಿದರೆ ಓಡುವ ಅಪೊಲೊನೇ ಎದ್ದು ಕಾಣುತ್ತಾನೆ, ಸುತ್ತಿ ಬಂದಂತೆಲ್ಲ ಡಾಫ್ನೆಯ ಬೆರಳುಗಳು ಎಲೆಗಳಾಗಿ, ಮೈ ತೊಗಟೆಯಾಗಿ, ಅವಳು ನಮ್ಮ ಕಣ್ಣೆದುರೇ ಮರವಾಗತೊಡಗುತ್ತಾಳೆ. ನಮ್ಮ ಹೆಜ್ಜೆಗಳಿಲ್ಲದೆ ಆ ಅಮೃತಶಿಲೆಯ ಕಥೆ ಮುಂದುವರಿಯುವುದೇ ಇಲ್ಲ.

ಪರದೆಗೆ ದಕ್ಕದ ಇನ್ನೊಂದು, ಬಣ್ಣದ ದಪ್ಪ. ಚಿತ್ರಕಾರ ವಾನ್ ಗೋ 1885ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿ ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ‘ಯಹೂದಿ ವಧು’ವಿನ ಎದುರು ಕುಳಿತವನು ಏಳಲೇ ಇಲ್ಲವಂತೆ. ಒಣ ರೊಟ್ಟಿಯ ಚೂರನ್ನಷ್ಟೇ ತಿಂದುಕೊಂಡು ಎರಡು ವಾರ ಇದರೆದುರು ಕೂರಲು ಬಿಟ್ಟರೆ ಆಯುಷ್ಯದ ಹತ್ತು ವರ್ಷಗಳನ್ನು ಕೊಟ್ಟೇನು ಎಂದನೆಂದು ಜೊತೆಗಿದ್ದ ಗೆಳೆಯ ನೆನೆದಿದ್ದಾನೆ. ಆ ಚಿತ್ರದ ಗಂಡಿನ ತೋಳಿನ ಮೇಲೆ ಬಣ್ಣವನ್ನು ಎಷ್ಟು ದಪ್ಪಗೆ ಮೆತ್ತಿದೆಯೆಂದರೆ ಬೆಳಕು ಅದರ ಉಬ್ಬುತಗ್ಗುಗಳಿಗೇ ತಾಗಿ ಹೊಳೆಯುತ್ತದೆ. ಹಿಗ್ಗಿಸಿದಾಗ ನಿಮಗೆ ಸಿಗುವುದು ಆ ಹೊಳಪಿನ ಚಪ್ಪಟೆ ನಕಲು.

ತಪ್ಪು ನಿಮ್ಮೊಬ್ಬರದಲ್ಲ. ಕಲೆಯ ಪಾಠವೆಂದರೆ ಹೆಸರು, ಇಸವಿ, ಪಂಥಗಳ ಪಟ್ಟಿಯಾಗಿದೆ. ಅಳತೆಯನ್ನೇ ಮುದ್ರಿಸದ ಕಲಾಪುಸ್ತಕಗಳು ಬರುತ್ತಿವೆ. ದೂರದಿಂದ ಬಂದವರು ಚಿತ್ರಕ್ಕೆ ಬೆನ್ನು ಹಾಕಿ ತಮ್ಮ ಮುಖವನ್ನು ಸೆರೆಹಿಡಿದು ಹೊರಡುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮಂಥ ಆಸಕ್ತರಾದರೂ ಯಾವುದಾದರೂ ಒಂದೇ ಶಿಲ್ಪವನ್ನು ಆರಿಸಿಕೊಂಡು, ಅದರ ಸುತ್ತ ನಿಧಾನವಾಗಿ ನಡೆದು, ಯಾವ ಕೋನದಲ್ಲಿ ಏನು ಬದಲಾಯಿತೆಂದು ನನಗೆ ಬರೆಯಬೇಕು.