ಸೋತ ಆಟವನ್ನು ಎಂಜಿನ್ ಕೈಗೆ ಕೊಡುವ ಮುಂಚೆ

ಮುಂಬೈ ಹತ್ತಿರದ ಡೊಂಬಿವಲಿಯಿಂದ ಕೇಳಿದ ಸರ್‌ಗೆ: ದಿನಾ ಲೋಕಲ್ ರೈಲಿನಲ್ಲಿ ಮೊಬೈಲ್ ಮೇಲೆ ಐದಾರು ಬ್ಲಿಟ್ಜ್ (ಕೆಲವೇ ನಿಮಿಷದ ಚೆಸ್ ಆಟ) ಆಡುತ್ತೀರಿ, ಆಟ ಮುಗಿದ ಕೂಡಲೇ ವಿಶ್ಲೇಷಣೆಯ ಗುಂಡಿ ಒತ್ತಿ ಕೆಂಪು ಗುರುತು ನೋಡುತ್ತೀರಿ, ಆದರೂ ಎಂಟು ತಿಂಗಳಿಂದ ರೇಟಿಂಗ್ 1350ರಿಂದ ಕದಲಿಲ್ಲ ಎಂದಿರಿ. ಹಾಗೆ ನೋಡಿದರೆ ಎಲ್ಲಿ ತಪ್ಪಿದಿರಿ ಎಂಬುದು ಸಿಗುತ್ತದೆ, ಯಾಕೆ ತಪ್ಪಿದಿರಿ ಎಂಬುದು ಸಿಗುವುದಿಲ್ಲ. ಆ ‘ಯಾಕೆ’ ಇರುವುದು ನಿಮ್ಮ ತಲೆಯಲ್ಲಿ, ಅದೂ ಆಟ ಮುಗಿದ ಸ್ವಲ್ಪ ಹೊತ್ತು ಮಾತ್ರ. ಒಮ್ಮೆ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ಪ್ರೋಗ್ರಾಂ) ತೋರಿಸಿದ ನಡೆ ಕಣ್ಣಿಗೆ ಬಿತ್ತೋ, ‘ಅದನ್ನು ನಾನೂ ನೋಡಿದ್ದೆ’ ಎಂದು ಮನಸ್ಸು ಸುಳ್ಳು ಹೇಳಲು ಶುರು ಮಾಡುತ್ತದೆ.

ಮೊದಲು ಪರಿಶೀಲನೆಗೆ ಯೋಗ್ಯವಾದ ಆಟ ಬೇಕು. 3 ನಿಮಿಷದ ಆಟದಲ್ಲಿ ಯೋಚನೆಯೇ ಇರುವುದಿಲ್ಲ, ಹುಡುಕಿದರೆ ಏನು ಸಿಕ್ಕೀತು? ವಾರಕ್ಕೆ ಎರಡಾದರೂ 15 ನಿಮಿಷ, ನಡೆಗೆ 10 ಸೆಕೆಂಡ್ ಸೇರುವ ಆಟ ಆಡಿ. ಅದು ರೈಲಿನಲ್ಲಲ್ಲ, ಮನೆಯಲ್ಲಿ ಕುಳಿತು. ಬ್ಲಿಟ್ಜ್ ಆಟಗಳಿಗೆ ಎರಡು ನಿಮಿಷ ಸಾಕು: ಓಪನಿಂಗ್‌ನಲ್ಲಿ, ಅಂದರೆ ಆರಂಭದ ನಡೆಗಳಲ್ಲಿ, ಎಲ್ಲಿ ದಾರಿ ತಪ್ಪಿತು ಎಂದು ನೋಡಿ ಮುಚ್ಚಿಬಿಡಿ.

ಉದ್ದ ಆಟ ಮುಗಿದ ಮೇಲೆ ಎಂಜಿನ್ ಆಫ್ ಇಟ್ಟು 20 ನಿಮಿಷ ಕೂರಿ. ಸಾಧ್ಯವಾದರೆ ನಿಜವಾದ ಬೋರ್ಡ್ ಮೇಲೆ ಕಾಯಿ ಇಟ್ಟು ಮೊದಲಿಂದ ಆಡಿ. ಪ್ರತಿ ನಡೆಗೂ ಬರೆಯಬೇಕಿಲ್ಲ. ಆಡುವಾಗ ಗೊಂದಲವಾದ, ಭಯವಾದ, ಅಥವಾ ‘ಈಗ ಗೆದ್ದೆ’ ಎನಿಸಿದ ಮೂರ್ನಾಲ್ಕು ಜಾಗ ಆರಿಸಿ, ಒಂದೊಂದಕ್ಕೂ ಮೂರು ವಿಷಯ ಬರೆಯಿರಿ: ಯಾವ ನಡೆಗಳನ್ನು ಯೋಚಿಸಿದಿರಿ, ಎದುರಾಳಿ ಏನು ಆಡುತ್ತಾನೆ ಎಂದುಕೊಂಡಿರಿ, ಸ್ಥಿತಿ ಯಾರಿಗೆ ಒಳ್ಳೆಯದು ಎನಿಸಿತ್ತು. ಪಕ್ಕದಲ್ಲಿ ಗಡಿಯಾರದ ಸಮಯ. ಲಿಚೆಸ್ ಎಂಬ ಉಚಿತ ಚೆಸ್ ತಾಣದಲ್ಲಿ ಪ್ರತಿ ನಡೆಗೆ ಎಷ್ಟು ಸೆಕೆಂಡ್ ಹೋಯಿತೆಂಬ ನಕ್ಷೆ ಸಿಗುತ್ತದೆ. ಈ ಮಟ್ಟದಲ್ಲಿ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲ. ಕೈಬಿಟ್ಟುಹೋದ ಆನೆಯ ನಡೆಗೆ 3 ಸೆಕೆಂಡ್ ಹೋಗಿದ್ದರೆ ಅದು ಚೆಸ್ ಜ್ಞಾನದ ಕೊರತೆಯಲ್ಲ, ಅವಸರ. ಅದೇ ನಡೆಗೆ 4 ನಿಮಿಷ ಹೋಗಿದ್ದರೆ ರೋಗ ಬೇರೆ, ಮದ್ದೂ ಬೇರೆ.

ಒಂದು ಆಟವನ್ನೇ ಹತ್ತಿರದಿಂದ ನೋಡೋಣ. ನಿಮ್ಮ ಮಟ್ಟದಲ್ಲಿ ಪದೇಪದೇ ಬರುವಂಥದ್ದು, ನೀವು ಕಪ್ಪು (ಪ್ರತಿ ಸಂಖ್ಯೆಯ ಪಕ್ಕ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಅಕ್ಷರ-ಅಂಕಿ ಎಂದರೆ ಮನೆ, × ಎಂದರೆ ಹೊಡೆತ, ಕಾಯಿಯ ಹೆಸರಿಲ್ಲದಿದ್ದರೆ ಕಾಲಾಳು):

1. ಇ4 ಇ5 2. ಕುದುರೆ ಎಫ್3, ಕುದುರೆ ಸಿ6 3. ಒಂಟೆ ಸಿ4, ಕುದುರೆ ಎಫ್6 4. ಕುದುರೆ ಜಿ5, ಡಿ5 5. ಇ×ಡಿ5, ಕುದುರೆ×ಡಿ5 6. ಕುದುರೆ×ಎಫ್7, ರಾಜ×ಎಫ್7 7. ರಾಣಿ ಎಫ್3 ಚೆಕ್, ರಾಜ ಜಿ8.

ಎಂಜಿನ್ ಕೂಗಾಡುವುದು ಕೊನೆಯ ನಡೆಗೆ. 8. ಒಂಟೆ×ಡಿ5 ಚೆಕ್, ರಾಣಿ×ಡಿ5 9. ರಾಣಿ×ಡಿ5 ಚೆಕ್, ಒಂಟೆ ಇ6 10. ರಾಣಿ×ಇ6, ಮೇಟ್. ಹಾಗಾಗಿ ‘7ನೇ ನಡೆಯಲ್ಲಿ ರಾಜ ಇ6ಕ್ಕೆ ಹೋಗಬೇಕಿತ್ತು’ ಎಂದು ಬರೆದುಕೊಂಡು ಎದ್ದುಬಿಡುತ್ತೇವೆ. ಆದರೆ ಇ6ಕ್ಕೆ ಹೋದರೂ ಡಿ5ರ ಕುದುರೆಗೆ ಸರಪಳಿ ಬಿದ್ದಂತೆ, ಅದು ಸರಿದರೆ ಸಿ4ರ ಒಂಟೆಯಿಂದ ರಾಜನಿಗೆ ಚೆಕ್; 8. ಕುದುರೆ ಸಿ3 ಬಂದು ಅದರ ಮೇಲೆ ಇನ್ನೊಂದು ದಾಳಿ. ರಾಜ ಬೋರ್ಡಿನ ನಡುವೆ ಬಿಸಿಲಿಗೆ ನಿಂತಿರುತ್ತಾನೆ. ತಪ್ಪಿನ ಬೇರು ಇರುವುದು 5ನೇ ನಡೆಯಲ್ಲಿ. ಕಾಲಾಳನ್ನು ವಾಪಸ್ ಹೊಡೆಯುವುದು ಸಹಜವೆಂದು ಕೈ ತಾನಾಗಿ ಹೋಯಿತು. ಆ ಹೊತ್ತಿಗೆ ಜಿ5ರಲ್ಲಿ ಕುದುರೆ ಎಫ್7ನ್ನೇ ನೋಡುತ್ತಿದೆ, ರಾಣಿಗೆ ಎಫ್3ರ ದಾರಿ ತೆರೆದಿದೆ, ಕುದುರೆ ಬಲಿಯಾಗಿ ರಾಜನನ್ನು ಎಫ್7ಕ್ಕೆ ಎಳೆದ ಮೇಲೆ ರಾಣಿ ಅಲ್ಲಿಗೆ ಬಂದರೆ ಒಂದೇ ಏಟಿಗೆ ರಾಜನಿಗೆ ಚೆಕ್, ಡಿ5ರ ಕುದುರೆಯ ಮೇಲೆ ಒಂಟೆಯ ಜೊತೆ ಎರಡನೇ ದಾಳಿ. ಸರಿಯಾದ ನಡೆ 5... ಕುದುರೆ ಎ5 (ಮೂರು ಚುಕ್ಕಿ ಎಂದರೆ ಕಪ್ಪಿನ ನಡೆ): ಒಂದು ಕಾಲಾಳು ಹೋಗುತ್ತದೆ, ಬದಲಿಗೆ ಒಂಟೆಯನ್ನು ಓಡಿಸಿ ಕಾಯಿಗಳನ್ನು ಬೇಗ ಹೊರಗೆ ತರುತ್ತೀರಿ.

ಈಗ ನೋಟ್‌ಬುಕ್‌ನಲ್ಲಿ ಏನು ಬರೆಯಬೇಕು? ‘5... ಕುದುರೆ ಎ5’ ಎಂದಷ್ಟೇ ಬರೆದರೆ ಈ ಒಂದು ಓಪನಿಂಗ್ ಮಾತ್ರ ರಿಪೇರಿ ಆಯಿತು. ‘ವಾಪಸ್ ಹೊಡೆಯುವ ಮುಂಚೆ ಎದುರಾಳಿಯ ಮುಂದಿನ ಚೆಕ್‌ಗಳನ್ನು ಎಣಿಸಲಿಲ್ಲ’ ಎಂದು ಬರೆದರೆ ಅದು ನಿಮ್ಮ ಮುಂದಿನ ನೂರು ಆಟಕ್ಕೂ ಅನ್ವಯಿಸುತ್ತದೆ.

ಇಷ್ಟಾದ ಮೇಲೆ ಎಂಜಿನ್. ಲಿಚೆಸ್‌ನಲ್ಲಿ ಸ್ಟಾಕ್‌ಫಿಶ್ ಎಂಬ ಎಂಜಿನ್ ಪುಕ್ಕಟೆ. ಚೆಸ್ ಡಾಟ್ ಕಾಮ್‌ನಲ್ಲಿ ಆಡುವವರು ಪಿಜಿಎನ್ (ಆಟದ ನಡೆಗಳಿರುವ ಫೈಲ್) ಇಳಿಸಿಕೊಂಡು ಲಿಚೆಸ್‌ಗೆ ಹಾಕಬಹುದು. ಒಂದೇ ಸಾಲಿನ (ನಡೆಗಳ ಸರಣಿಯ) ಬದಲು ಮೂರು ಸಾಲು ತೋರಿಸುವಂತೆ ಸೆಟ್ಟಿಂಗ್ ಬದಲಿಸಿ, ಡೆಪ್ತ್ (ಎಂಜಿನ್ ಎಷ್ಟು ಆಳಕ್ಕೆ ನೋಡಿದೆ ಎಂಬ ಅಂಕಿ) 20 ದಾಟುವವರೆಗೆ ಕಾಯಿರಿ. ಮೂರು ಸಾಲುಗಳ ಅಂಕಿ ಹತ್ತಿರ ಹತ್ತಿರ ಇದ್ದರೆ ಅಲ್ಲಿ ಯಾವುದನ್ನು ಆಡಿದರೂ ನಡೆಯುತ್ತಿತ್ತು, ಮುಂದೆ ಹೋಗಿ. ಅಂಕಿ ಕಾಲಾಳಿನ ಲೆಕ್ಕದಲ್ಲಿರುತ್ತದೆ, + ಎಂದರೆ ಬಿಳಿಗೆ ಮೇಲುಗೈ, − ಎಂದರೆ ಕಪ್ಪಿಗೆ. ಬಿಳಿಯ ಸರದಿಯಲ್ಲಿ ಮೊದಲನೆಯದು +1.5, ಎರಡನೆಯದು −0.8 ಎಂದಿದ್ದರೆ ನಿಲ್ಲಬೇಕಾದ ಜಾಗ ಅದು. ಅರ್ಧ ಕಾಲಾಳಿಗಿಂತ ಕಡಿಮೆ ವ್ಯತ್ಯಾಸಕ್ಕೆ 1350ರಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಬಹಳ ಜನ ಎಂಜಿನ್‌ನ ನಡೆ ನೋಡಿ ‘ಹೌದಲ್ಲ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮಾಡಬೇಕಾದ್ದು ಉಲ್ಟಾ: ನೀವು ಯೋಚಿಸಿ ಬಿಟ್ಟ ನಡೆಯನ್ನು ಬೋರ್ಡ್ ಮೇಲೆ ಆಡಿ, ಅದಕ್ಕೆ ಶಿಕ್ಷೆ ಏನೆಂದು ಎಂಜಿನ್‌ನಿಂದ ಹೇಳಿಸಿ. ಎಂಜಿನ್‌ನ ನಡೆ ಅರ್ಥವಾಗದಿದ್ದರೆ ಅದರ ಎದುರು ನಿಮಗೆ ಸಹಜವೆನಿಸುವ ಉತ್ತರ ಆಡಿ ನೋಡಿ. ಎರಡು-ಮೂರು ನಡೆಯಲ್ಲಿ ಕಾರಣ ಹೊರಬೀಳುತ್ತದೆ. ಐದು ನಿಮಿಷದಲ್ಲೂ ಬೀಳದಿದ್ದರೆ ಬಿಟ್ಟುಬಿಡಿ, ಆ ನಡೆ ಸದ್ಯ ನಿಮಗಾಗಿ ಅಲ್ಲ. 2025ರಲ್ಲಿ ಗೋವಾದಲ್ಲಿ ಚೆಸ್ ವಿಶ್ವಕಪ್ ನಡೆದಾಗ ಪರದೆಯ ಪಕ್ಕದ ಬಾರ್ (ಯಾರು ಮುಂದಿದ್ದಾರೆಂದು ಎಂಜಿನ್ ತೋರಿಸುವ ಪಟ್ಟಿ) ಏರಿಳಿಯುವುದನ್ನು ನೋಡಿ ಗ್ರಾಂಡ್‌ಮಾಸ್ಟರ್‌ಗಳಿಗೇ ಬೈದವರು ನಮ್ಮ ಗುಂಪಿನಲ್ಲೇ ಇದ್ದಾರೆ, ಹೆಸರು ಬೇಡ. ಬಾರ್ ಎದುರಿಗಿದ್ದರೆ ಎಲ್ಲರೂ ಜಾಣರೇ.

ಆಟ ಮುಗಿದ ಮೇಲೆ ಆ್ಯಪ್ ಕೊಡುವ ಶೇಕಡಾ ನಿಖರತೆಯನ್ನಂತೂ ನಂಬಲೇಬೇಡಿ. ಎದುರಾಳಿ 9ನೇ ನಡೆಯಲ್ಲಿ ರಾಣಿ ಕೊಟ್ಟರೆ ಯಾರಿಗಾದರೂ ಚೆನ್ನಾಗಿಯೇ ಬರುತ್ತದೆ. ಗೆದ್ದ ಆಟವನ್ನೂ ಒಮ್ಮೆ ತಿರುಗಿ ನೋಡಿ, ಎದುರಾಳಿಗೆ ಕಾಣದೆ ಹೋದ ಏಟು ಅಲ್ಲಿ ಕುಳಿತಿರುತ್ತದೆ.

ಎಂಡ್‌ಗೇಮ್‌ಗೆ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತಕ್ಕೆ, ಎಂಜಿನ್‌ಗಿಂತ ಟೇಬಲ್‌ಬೇಸ್ (ಮೊದಲೇ ಪೂರ್ತಿ ಲೆಕ್ಕ ಹಾಕಿಟ್ಟ ಸ್ಥಿತಿಗಳ ಸಂಗ್ರಹ) ಒಳ್ಳೆಯದು. ಬೋರ್ಡಿನಲ್ಲಿ ರಾಜರೂ ಸೇರಿ 7 ಕಾಯಿ ಅಥವಾ ಕಡಿಮೆ ಉಳಿದರೆ ಲಿಚೆಸ್‌ನ ವಿಶ್ಲೇಷಣೆ ಬೋರ್ಡ್ ಗೆಲುವೋ ಡ್ರಾವೋ ಎಂದು ಖಚಿತವಾಗಿ ಹೇಳುತ್ತದೆ. ಬಿಳಿ ರಾಜ ಇ5, ಕಾಲಾಳು ಇ4, ಕಪ್ಪು ರಾಜ ಇ7 ಎಂದು ಇಟ್ಟು ನೋಡಿ. ಕಪ್ಪಿನ ಸರದಿಯಾದರೆ ಬಿಳಿ ಗೆಲ್ಲುತ್ತದೆ, ಬಿಳಿಯ ಸರದಿಯಾದರೆ ಡ್ರಾ. ಕಾಯಿ ಅವೇ, ಮನೆ ಅವೇ. ಇಂಥಲ್ಲಿ ಅರ್ಧ ಅಂಕ ಹೋಗಿದ್ದರೆ ತಪ್ಪು ಹುಡುಕಬೇಕಾದ್ದು ಕೊನೆಯಲ್ಲಲ್ಲ, ಆನೆ ಬದಲಾಯಿಸಿಕೊಂಡು ಈ ಸ್ಥಿತಿಗೆ ಇಳಿದ ನಡೆಯಲ್ಲಿ. ಆಗಲೇ ಯಾರ ಸರದಿಗೆ ಮುಗಿಯುತ್ತದೆ ಎಂದು ಎಣಿಸಬೇಕಿತ್ತು.

ಟೂರ್ನಿ ಆಡುವವರಿಗೆ ಒಂದೆರಡು ಮಾತು. ಆಟದ ನಡುವೆ ಸ್ಕೋರ್‌ಶೀಟ್ (ನಡೆ ಬರೆದುಕೊಳ್ಳುವ ಹಾಳೆ) ಮೇಲೆ ಯೋಚನೆ, ಟಿಪ್ಪಣಿ ಬರೆಯುವಂತಿಲ್ಲ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮ. ಗಡಿಯಾರದ ಸಮಯ ಮಾತ್ರ ಧಾರಾಳವಾಗಿ ಬರೆಯಬಹುದು. ಐದು ನಡೆಗೊಮ್ಮೆ ಬರೆಯಿರಿ. ಮನೆಗೆ ಬಂದು ಆ್ಯಪ್‌ಗೆ ಹಾಕುವಾಗ 23ನೇ ನಡೆ ‘ಸಾಧ್ಯವಿಲ್ಲ’ ಎಂದು ನಿಂತರೆ 23ರಲ್ಲೇ ಹುಡುಕಬೇಡಿ. ಹಿಂದೆ ಎಲ್ಲೋ ಎರಡು ಕುದುರೆಗಳಲ್ಲಿ ಅಥವಾ ಎರಡು ಆನೆಗಳಲ್ಲಿ ಯಾವುದು ಹೋಯಿತೆಂದು ಬರೆದಿರುವುದಿಲ್ಲ, ಹೆಚ್ಚಾಗಿ ಅದೇ. ಆಟ ಮುಗಿದ ಮೇಲೆ ಎದುರಾಳಿ ಒಪ್ಪಿದರೆ ಹಾಲ್‌ನ ಹೊರಗೆ ಹತ್ತು ನಿಮಿಷ ಒಟ್ಟಿಗೆ ಕೂರಿ. ಅವನು ಯಾವುದಕ್ಕೆ ಹೆದರಿದ್ದ ಎಂಬುದನ್ನು ಯಾವ ಎಂಜಿನ್ನೂ ಹೇಳುವುದಿಲ್ಲ. ಎದುರಾಳಿ ಮರಾಠಿಯವನಾದರೂ ಭಾಷೆಯ ಚಿಂತೆ ಬೇಡ. ಹತ್ತಿ, ಉಂಟ್, ಘೋಡಾ ಎಂದರೆ ನಮ್ಮ ಆನೆ, ಒಂಟೆ, ಕುದುರೆಯೇ. ವಜೀರ್ ಎಂದರೆ ರಾಣಿ, ಅಷ್ಟು ಗೊತ್ತಿದ್ದರೆ ಸಾಕು.

ಲಿಚೆಸ್‌ನ ಸ್ಟಡಿಯಲ್ಲಿ (ಆಟ, ಟಿಪ್ಪಣಿ ಕೂಡಿಡುವ ಪುಸ್ತಕದಂಥದ್ದು) ಒಂದು ಆಟಕ್ಕೆ ಒಂದು ಅಧ್ಯಾಯ ಮಾಡಿಟ್ಟುಕೊಳ್ಳಿ. ಒಂದು ಸ್ಟಡಿಗೆ 64 ಅಧ್ಯಾಯ ಹಿಡಿಯುತ್ತದೆ, ನಿಮ್ಮ ಲೆಕ್ಕಕ್ಕೆ ಅರ್ಧ ವರ್ಷಕ್ಕೆ ಧಾರಾಳ. ಪ್ರತಿ ಆಟದ ಒಂದೇ ಒಂದು ಸ್ಥಿತಿಯನ್ನು ಉತ್ತರವಿಲ್ಲದೆ ಸ್ಕ್ರೀನ್‌ಶಾಟ್ ತೆಗೆದು ವಾರದ ನಂತರ, ಮತ್ತೆ ತಿಂಗಳ ನಂತರ ಬಿಡಿಸಿ. ಲೋಕಲ್‌ನಲ್ಲಿ ನಿಂತಾಗ ಬ್ಲಿಟ್ಜ್ ಬದಲು ಮಾಡಲು ಇದೇ ಲಾಯಕ್ಕಾದ ಕೆಲಸ.

ಇಪ್ಪತ್ತು ಆಟ ಆದ ಮೇಲೆ ಕಾರಣಗಳ ಪಕ್ಕ ಗೀಟು ಹಾಕಿ ಎಣಿಸಿ. ಎದುರಾಳಿಯ ಬೆದರಿಕೆ ಕಾಣದ್ದೇ ಹೆಚ್ಚಾಗಿದ್ದರೆ ಪ್ರತಿ ನಡೆಗೆ ಮುಂಚೆ ಐದು ಸೆಕೆಂಡ್ ಅವನ ಚೆಕ್, ಹೊಡೆತ ನೋಡುವ ಅಭ್ಯಾಸ. ಲೆಕ್ಕ ಅರ್ಧಕ್ಕೆ ನಿಲ್ಲಿಸಿದ್ದು ಹೆಚ್ಚಾಗಿದ್ದರೆ ಟೈಮರ್ ಇಲ್ಲದ ಪಜಲ್, ದಿನಕ್ಕೆ ಐದೇ, ಪೂರ್ತಿ ಸಾಲು ಮನಸ್ಸಿನಲ್ಲಿ ಕಂಡ ಮೇಲೆಯೇ ಕಾಯಿ ಮುಟ್ಟುವುದು. ಓಪನಿಂಗ್ ಕೊನೆಗೆ, ಒಂದು ಆಟಕ್ಕೆ ಒಂದೇ ನಡೆ ತಿದ್ದಿಕೊಂಡರೆ ಸಾಕು.

ಹಿಂದಿನ ವಿಶ್ವ ಚಾಂಪಿಯನ್ ಬಾಟ್ವಿನ್ನಿಕ್ ‘ನಿಮ್ಮ ಆಟಗಳ ವಿಶ್ಲೇಷಣೆಯನ್ನು ಪ್ರಕಟಿಸಿ’ ಎನ್ನುತ್ತಿದ್ದರು, ನಾಲ್ಕು ಜನ ನೋಡಿ ತಪ್ಪು ಹಿಡಿಯಲಿ ಎಂದು. ಮುಂದಿನ ಉದ್ದ ಆಟದ ಪಿಜಿಎನ್ ಇಲ್ಲಿ ಹಾಕಿ ಸರ್, ಎಂಜಿನ್ ಹಚ್ಚುವ ಮುಂಚೆ ನೀವು ಬರೆದ ಟಿಪ್ಪಣಿಯ ಸಮೇತ.