ಮಗಳನ್ನು ಆ ಕೂಟಕ್ಕೆ ಕರೆದುಕೊಂಡು ಹೋಗಿ

ಓದುಗರೊಬ್ಬರ ಪತ್ರದ ಸಾರ: “ನನ್ನ ಹನ್ನೊಂದು ವರ್ಷದ ಮಗಳಿಗೆ ಟೈಪ್ ಒನ್ ಮಧುಮೇಹವಿದೆ. ಶಾಲೆಯಲ್ಲಿ ತರಗತಿಯ ಶಿಕ್ಷಕಿಯ ಹೊರತು ಯಾರಿಗೂ ತಿಳಿಸಿಲ್ಲ. ಇದೇ ಕಾಯಿಲೆಯ ಮಕ್ಕಳಿರುವ ಕೆಲವು ಕುಟುಂಬಗಳು ತಿಂಗಳಿಗೊಮ್ಮೆ ಸೇರುತ್ತವೆ, ನಮ್ಮನ್ನೂ ಕರೆಯುತ್ತಿವೆ. ನಮ್ಮ ಯಜಮಾನರಿಗೆ ಇಷ್ಟವಿಲ್ಲ. ಸದಾ ಕಾಯಿಲೆಯ ಮಾತೇ ಕೇಳುತ್ತ ಬೆಳೆದರೆ ಮಗು ತಾನು ರೋಗಿ ಎಂದೇ ತಿಳಿಯುತ್ತದೆ, ಚಿಕಿತ್ಸೆಯ ವಿಷಯ ವೈದ್ಯರಿಗೆ ಬಿಟ್ಟುಬಿಡಬೇಕು ಎನ್ನುತ್ತಾರೆ. ನೀವೇನು ಹೇಳುತ್ತೀರಿ?”

ಸಂಪಾದಕರ ಉತ್ತರ:

ನಿಮ್ಮ ಯಜಮಾನರ ಮಾತಿನಲ್ಲಿ ಒಂದಂಶ ಸರಿ. ಬೇರೊಂದು ಮಗುವಿನ ಇನ್ಸುಲಿನ್ ಪ್ರಮಾಣ ಕೇಳಿಕೊಂಡು ಬಂದು ನಿಮ್ಮ ಮಗಳಿಗೆ ಹಾಕುವಂತಿಲ್ಲ. ಇನ್ಸುಲಿನ್ ಬಿಡಿಸಿಕೊಡುತ್ತೇನೆ ಎನ್ನುವವರು ಯಾರಾದರೂ ಅಲ್ಲಿ ಕಂಡರೆ ಆ ಕ್ಷಣವೇ ಎದ್ದು ಬನ್ನಿ. ಇಷ್ಟು ಹೇಳಿದ ಮೇಲೆ ನನ್ನ ಉತ್ತರ ಒಂದೇ: ಹೋಗಿ. ಮಗಳನ್ನು ಕರೆದುಕೊಂಡೇ ಹೋಗಿ, ಸಾಧ್ಯವಾದರೆ ಯಜಮಾನರನ್ನೂ.

ವೈದ್ಯರನ್ನು ನೀವು ಕಾಣುವುದು ಕೆಲವು ತಿಂಗಳಿಗೊಮ್ಮೆ, ಅದೂ ಸ್ವಲ್ಪ ಹೊತ್ತು. ಉಳಿದ ಹಗಲು ರಾತ್ರಿಗಳೆಲ್ಲ ನಿಮ್ಮವು. ಊಟಕ್ಕೆ ಮುಂಚೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ, ತಟ್ಟೆಯಲ್ಲಿ ಪಿಷ್ಟ ಎಷ್ಟಿದೆ, ಸಂಜೆ ಆಟವಿದೆಯೇ, ಮೈ ಬಿಸಿಯಾಗಿದೆಯೇ, ನಾಳೆ ಪರೀಕ್ಷೆಯ ಭಯವಿದೆಯೇ ಎಂದು ಎಲ್ಲವನ್ನೂ ಕೂಡಿ ಕಳೆದು ಪ್ರತಿ ಊಟಕ್ಕೂ ಇನ್ಸುಲಿನ್ ಲೆಕ್ಕ ಹಾಕಬೇಕು. ನಮ್ಮ ನಿಮ್ಮ ಮೇದೋಜೀರಕ ಗ್ರಂಥಿ ಸದ್ದಿಲ್ಲದೆ ಮಾಡುವ ಕೆಲಸವಿದು. ನಿಮ್ಮ ಮಗಳಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಅವಳದೇ ರೋಗನಿರೋಧಕ ವ್ಯವಸ್ಥೆ ನಾಶಮಾಡಿರುವುದರಿಂದ ಆ ಹೊರೆ ಅವಳ ಮೇಲೆ, ನಿಮ್ಮ ಮೇಲೆ ಬಿದ್ದಿದೆ. ಲೆಕ್ಕ ಸರಿಯಿದ್ದ ದಿನವೂ ಸಕ್ಕರೆ ತನಗೆ ತೋಚಿದಂತೆ ಏರುತ್ತದೆ, ಇಳಿಯುತ್ತದೆ. ಅಪರಾತ್ರಿಯಲ್ಲಿ ಎದ್ದು ಮಲಗಿದ ಮಗುವಿನ ಬೆರಳು ಚುಚ್ಚಿ ನೋಡುವ ತಾಯಿಗೆ “ನಿನ್ನಿಂದ ತಪ್ಪಾಗಿಲ್ಲ” ಎಂದು ಹೇಳಬೇಕಾದವಳು ಅದೇ ಹೊತ್ತಿನಲ್ಲಿ ಅದೇ ಕೆಲಸ ಮಾಡುವ ಇನ್ನೊಬ್ಬ ತಾಯಿ. ವೈದ್ಯರು ಹೇಳಿದರೆ ಅದು ಸಮಾಧಾನ, ಆಕೆ ಹೇಳಿದರೆ ಅದು ಸಾಕ್ಷಿ.

ರೋಗಿಗಳು ಒಂದೆಡೆ ಸೇರುವುದು ವೈದ್ಯರಿಗೆ ಎದುರಾಗಿ ಅಲ್ಲ. ಬ್ರಿಟನ್ನಿನ ವೈದ್ಯ ಆರ್. ಡಿ. ಲಾರೆನ್ಸ್ ಅವರಿಗೇ ಮಧುಮೇಹವಿತ್ತು; 1923ರಲ್ಲಿ ಇನ್ಸುಲಿನ್ ದೊರೆತು ಬದುಕಿ ಉಳಿದವರು. ಅವರು ತಮ್ಮಂತೆಯೇ ಮಧುಮೇಹವಿದ್ದ ಲೇಖಕ ಎಚ್. ಜಿ. ವೆಲ್ಸ್ ಜೊತೆ ಸೇರಿ 1934ರಲ್ಲಿ ಮಧುಮೇಹಿಗಳ ಸಂಘ ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಹಿಡಿತದಲ್ಲಿದ್ದ ಶಾಂಘೈನಲ್ಲಿ ಇನ್ಸುಲಿನ್ ಸಿಗದಂತಾದಾಗ ನಿರಾಶ್ರಿತೆ ಇವಾ ಸ್ಯಾಕ್ಸಲ್ ಮತ್ತು ಅವರ ಪತಿ ವೈದ್ಯಕೀಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಎಮ್ಮೆಗಳ ಮೇದೋಜೀರಕ ಗ್ರಂಥಿಯಿಂದ ತಾವೇ ಇನ್ಸುಲಿನ್ ತೆಗೆದರು. ಇವಾ ಅದನ್ನು ಚುಚ್ಚಿಕೊಂಡು ಬದುಕಿದರು, ಸುತ್ತಲಿನ ಮಧುಮೇಹಿಗಳಿಗೂ ಹಂಚಿದರು. ತೀರ ಈಚೆಗೆ, 2013ರಲ್ಲಿ, ಅಮೆರಿಕದ ತಂದೆಯೊಬ್ಬರು ಇದೇ ಕಾಯಿಲೆಯ ಪುಟ್ಟ ಮಗನ ಮೈಮೇಲಿನ, ಸಕ್ಕರೆ ಅಳೆಯುವ ಸೆನ್ಸರ್ ತೋರಿಸುವ ಅಂಕಿಗಳನ್ನು ದೂರದಿಂದಲೇ ನೋಡುವ ದಾರಿ ಕಂಡುಕೊಂಡರು. ಅಂಥದೇ ಮನೆಗಳ ಇನ್ನಷ್ಟು ಜನ ಕೈಜೋಡಿಸಿದರು, ‘ನೈಟ್‌ಸ್ಕೌಟ್’ ಎಂಬ ವ್ಯವಸ್ಥೆ ಬೆಳೆಯಿತು, ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಯಜಮಾನರು ಹೇಳುವ ‘ಕಾಯಿಲೆಯ ಮಾತು’ ಎಂದರೆ ಇದು.

ಬಚ್ಚಿಟ್ಟೂ ಚೆನ್ನಾಗಿ ಬದುಕಬಹುದಲ್ಲ ಎಂದು ಅವರು ಕೇಳಿಯಾರು. ಬದುಕಿದವರಿದ್ದಾರೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು ಎಲಿಜಬೆತ್ ಹ್ಯೂಸ್, ಉಪವಾಸವೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಮೂಳೆ ಚಕ್ಕಳವಾಗಿ, 1922ರ ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ವೈದ್ಯ ಬ್ಯಾಂಟಿಂಗ್ ಅವರ ಕೈಯಿಂದ ಇನ್ಸುಲಿನ್ ಪಡೆದರು. 1981ರವರೆಗೆ ಬಾಳಿದರು. ಆದರೆ ತಮ್ಮ ಕಾಯಿಲೆಯನ್ನು ಲೋಕದ ಕಣ್ಣಿಗೆ ಬೀಳದಂತೆ ಕಾಪಾಡಿಕೊಂಡರು. ಅವರನ್ನು ನಾನು ದೂರುವುದಿಲ್ಲ, ಆ ಕಾಲ ಹಾಗಿತ್ತು. ಅಷ್ಟು ದೀರ್ಘಕಾಲ ಬದುಕಿ ತೋರಿಸಿದ ಅವರನ್ನು ಕಂಡಿದ್ದರೆ ಹೊಸದಾಗಿ ಕಾಯಿಲೆ ಬಿದ್ದ ಎಷ್ಟು ಮಕ್ಕಳ ಮನೆಯವರಿಗೆ ಜೀವ ಬಂದಂತಾಗುತ್ತಿತ್ತು ಎಂಬುದು ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಈಗ ನಿಮ್ಮ ಮೇಲೊಂದು ಆಕ್ಷೇಪ, ಬೇಸರಿಸಬೇಡಿ. ತರಗತಿಯಲ್ಲಿ ಸಕ್ಕರೆ ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ನಿಮ್ಮ ಮಗಳ ಕೈ ನಡುಗುತ್ತದೆ, ಬೆವರುತ್ತದೆ, ಸಿಡಿಮಿಡಿಗೊಳ್ಳುತ್ತಾಳೆ, ಮಾತು ತಡವರಿಸುತ್ತದೆ. ಗೊತ್ತಿಲ್ಲದ ಗೆಳತಿ ಅದನ್ನು ಹಟವೆಂದುಕೊಳ್ಳುತ್ತಾಳೆ. ಗೊತ್ತಿರುವ ಗೆಳತಿ ಗ್ಲೂಕೋಸ್ ಕೊಟ್ಟು ಶಿಕ್ಷಕಿಯನ್ನು ಕರೆಯುತ್ತಾಳೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು ಎಂಬುದು ಶಿಕ್ಷಕಿಗೆ ತಿಳಿದಿರಬೇಕು. ಆ ಒಬ್ಬ ಶಿಕ್ಷಕಿ ರಜೆ ಹಾಕಿದ ದಿನ ಏನು ಮಾಡುತ್ತೀರಿ?

ಬಚ್ಚಿಡುವ ಆಸೆ ನಿಮ್ಮದಲ್ಲ, ನಮ್ಮೆಲ್ಲರ ನಾಲಗೆ ಕಲಿಸಿದ್ದು. “ಸಿಹಿ ಜಾಸ್ತಿ ತಿನ್ನಿಸಿದಿರಾ?” ಎಂದು ತಾಯಿಯನ್ನು ಕೇಳುವವರಿಗೆ ಲೆಕ್ಕವಿಲ್ಲ. ಸಿಹಿ ತಿಂದು ಬರುವ ಕಾಯಿಲೆ ಇದಲ್ಲ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ವಿಶ್ವ ಮಧುಮೇಹ ದಿನ. ಅಂದು ಪತ್ರಿಕೆಗಳಲ್ಲಿ ಬರುವುದು ನಡಿಗೆ, ತೂಕ, ಮಿತಾಹಾರದ ಉಪದೇಶ. ಅದು ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ ಟೂ ಮಧುಮೇಹ ಇರುವವರಿಗೆ ಹಿತವಚನ. ನಿಮ್ಮ ಮಗಳ ಪಾಲಿಗೆ ಮಾಡದ ತಪ್ಪಿನ ಆರೋಪಪಟ್ಟಿ. ಇನ್ಸುಲಿನ್ ಇಲ್ಲದೆ ಅವಳು ಬದುಕಲಾರಳು ಎಂಬ ಒಂದು ಸಾಲು ಆ ಪುಟಗಳಲ್ಲಿ ಹುಡುಕಬೇಕು. ಪೆನ್ಸಿಲ್ ಹಿಡಿದಷ್ಟು ಸಹಜವಾಗಿ ಇನ್ಸುಲಿನ್ ಪೆನ್ ಹಿಡಿಯಬೇಕಾದ ಮಕ್ಕಳನ್ನು ಶಾಲೆಗಳು ಶೌಚಾಲಯಕ್ಕೆ ಕಳಿಸುತ್ತವೆ. ಉಳಿದವರು ಹೆದರುತ್ತಾರಂತೆ. ಹೆದರಿಕೆಯನ್ನು ಹೋಗಲಾಡಿಸುವುದು ಶಾಲೆಯ ಕೆಲಸವಲ್ಲವೇ?

ಕೂಟಕ್ಕೆ ಹೋದಾಗ ಅಲ್ಲಿನ ತಾಯಂದಿರನ್ನು ಇದೊಂದನ್ನು ಕೇಳಿ: ಶಾಲೆಯೊಂದಿಗೆ ಅವರು ಹೇಗೆ ಮಾತನಾಡಿದರು ಎಂದು. ಆಮೇಲೆ ನೀವೂ ನಿಮ್ಮ ಮುಖ್ಯೋಪಾಧ್ಯಾಯರನ್ನು ಕಂಡು, ಮಗಳು ತನ್ನ ಜಾಗದಲ್ಲೇ ಕುಳಿತು ಇನ್ಸುಲಿನ್ ತೆಗೆದುಕೊಳ್ಳಲು ಅನುಮತಿ ಕೇಳಿ. ಅವರು ಒಪ್ಪದಿದ್ದರೆ ನನಗೆ ತಿಳಿಸಿ. ಮುಂದಿನ ಪತ್ರವನ್ನು ನಾನು ಅವರಿಗೇ ಬರೆಯುತ್ತೇನೆ.